ಕೆಂಡದ ಗಂಜಿ

ಬಾಯಿ ತೆಗಿ.

ತೆಗಿ ಅಂದ್ನಲ್ಲ ಭಾವ. ಗಂಜಿ ಆರ್ತಾ ಇದೆ. ನಿನ್ನ ಮಗಳು ಬೆಳಿಗ್ಗೆ ಎದ್ದು ಮಾಡಿಟ್ಟು ಹೋಗಿದಾಳೆ, ನಾನು ಬರೀ ಬಿಸಿ ಮಾಡಿದೀನಿ. ಏನು ಹಾಗೆ ನೋಡ್ತೀಯ? ವಿಷ ಹಾಕಿಲ್ಲ. ಬೇಕಾದ್ರೆ ನೋಡು, ನಾನೇ ಒಂದು ಚಮಚ... ಹೂಂ. ಉಪ್ಪು ಕಮ್ಮಿ. ಸಾಯೋವಂಥದ್ದೇನೂ ಇಲ್ಲ.

ತೆಗಿಯಲ್ವಾ?

ಆಯ್ತು. ನನಗೇನು ಅವಸರ. ಕುರ್ಚಿ ಇದೆ. ಕೂತಿರ್ತೀನಿ.

ಕೇಳಿಸ್ಕೋ. ನಿನ್ನ ಮಗಳು ಮೆಟ್ಟಿಲ ಹತ್ರ ಸಿಕ್ಕಿದ್ಲು. ಅಂಗಡಿ ಕೆಲಸಕ್ಕೆ ಹೊರಟಿದ್ಲು, ಕಣ್ಣು ಕೆಂಪಗೆ. 'ಮಾವ, ಅಪ್ಪ ಯಾರು ಕೊಟ್ರೂ ಬಾಯೇ ಬಿಡ್ತಿಲ್ಲ. ಹೀಗೇ ಆದ್ರೆ ನಾಳೆ ಆಸ್ಪತ್ರೆಯವರು ಬಂದು ಮೂಗಿನಿಂದ ನಳಿಗೆ ಹಾಕ್ತಾರಂತೆ. ಇವತ್ತು ನಾಲ್ಕು ತುತ್ತು ತಿಂದ್ರೂ ಸಾಕು, ಬೇಡ ಅಂತೀನಿ. ನೀವು ದೇವರಂಥೋರು ಮಾವ, ನಿಮ್ಮ ಮಾತು ಕೇಳ್ತಾರೆ' ಅಂದ್ಲು.

ಯಾಕೆ ನಗ್ತೀಯ?

ನಕ್ಕೆ ನೀನು. ನೋಡಿದೆ. ಅರ್ಧ ಮುಖದಲ್ಲಿ ನಕ್ಕರೂ ಅದು ನಗುವೇ. ಇನ್ನರ್ಧ ಮುಖಕ್ಕೆ ಮಾತ್ರ ನಾಚಿಕೆ ಉಳಿದಿರೋ ಹಾಗೆ ಕಾಣುತ್ತೆ.

ನಳಿಗೆ ಹಾಕಿದ್ರೆ ಏನಾಗುತ್ತೆ ಗೊತ್ತಾ? ಊಟ ಬಾಯಿಗೆ ಬರಲ್ಲ. ಮಾತೂ ಬರಲ್ಲ. ಈಗಲೇ ಒಂದು ಅಕ್ಷರಕ್ಕೆ ಬೆವರು ಇಳಿಸ್ತೀಯ. ಗಂಟಲಲ್ಲಿ ರಬ್ಬರು ಇಟ್ಕೊಂಡು ಏನು ಮಾತಾಡ್ತೀಯ? ನಾನೂ ಬರೋ ಹಾಗಿಲ್ಲ. ನರ್ಸು ಬಂದು ಸುರಿದು ಹೋಗ್ತಾಳೆ, ಸ್ಟೌಗೆ ಎಣ್ಣೆ ಹಾಕಿದ ಹಾಗೆ.

ಅದಕ್ಕೇ ಹೇಳ್ತೀನಿ. ತೆಗಿ. ಇದೊಂದು ಚಮಚ.

ಇಲ್ಲ?

ಹಠ. ಮೊದಲಿಂದಲೂ ಹೀಗೇ ನೀನು. ನನ್ನ ತಂಗಿ ಹೇಳ್ತಿದ್ಲು, 'ಅಣ್ಣ, ಅವರು ಸಿಟ್ಟು ಬಂದ್ರೆ ಬಾಗಿಲು ಹಾಕಲ್ಲ, ಬಾಯಿ ಹಾಕ್ಕೋತಾರೆ' ಅಂತ. ಪಾಪ, ಅವಳು. ನಿನಗೆ ಅವಳನ್ನ ಕೊಟ್ಟವನು ನಾನೇ. ಒಂದೇ ಕಾರ್ಖಾನೆ, ಚರ್ಚಿನಲ್ಲೂ ಒಂದೇ ಸಭೆ, ಒಳ್ಳೆ ಹುಡುಗ ಅಂದ್ಕೊಂಡೆ.

ಸೌಟು ನೆನಪಿದೆಯಾ?

ಕಣ್ಣು ಮುಚ್ಚಬೇಡ. ಸೌಟು ಅಂದ ಕೂಡ್ಲೇ ಕಣ್ಣು ಮುಚ್ತೀಯ. ಅಡಿಗೆಮನೆ ಸೌಟಲ್ಲ, ನಮ್ಮ ಎರಕದ ಕಾರ್ಖಾನೆ ಸೌಟು. ಬಕೆಟ್ಟಿನಷ್ಟು ದೊಡ್ಡದು, ಎರಡು ಕಡೆ ಉದ್ದ ಹಿಡಿ, ಒಳಗೆ ಕುದಿಯೋ ಕಬ್ಬಿಣ. ಮುಂದೆ ನಾನು, ಹಿಂದೆ ನೀನು. ಮುಂದಿನವನಿಗೆ ಸೌಟು ಬೆನ್ನ ಹಿಂದೆ. ಕಾಣಲ್ಲ. ಹಿಂದಿನವನು ಬಾಯಿಬಿಟ್ಟು ಹೇಳಿದ ಹಾಗೆ ನಡೀಬೇಕು. ಎಡಕ್ಕೆ. ನಿಧಾನ. ನಿಲ್ಲು. ಇಳಿಸೋಕೆ ಮೊದಲು 'ಇಳಿಸ್ಲಾ?' ಅಂತ ನೀನು ಕೇಳಬೇಕು. 'ಸರಿ' ಅಂತ ನಾನು ಹೇಳಬೇಕು. ಅಲ್ಲಿ ತನಕ ಕೈ ಬೆಂದ್ರೂ ಬಿಡೋ ಹಾಗಿಲ್ಲ. ಗೋಡೆ ಮೇಲೆ ಬರೆದಿರಲಿಲ್ಲ ಇದನ್ನ. ಬರೆಯೋದು ಯಾಕೆ? ಕಾಲು ಇದ್ದವರಿಗೆಲ್ಲ ಗೊತ್ತಿತ್ತು.

ಅವತ್ತು ನೀನು ಕೇಳಲಿಲ್ಲ. ಬಿಟ್ಟೆ.

ಬಿಟ್ಟದ್ದಕ್ಕೆ ಸಿಟ್ಟಿಲ್ಲ ಅಂತ ಎಷ್ಟು ಸಲ ಹೇಳಿದೀನಿ! ಗ್ಲೌಸಿನೊಳಗೆ ಕಿಡಿ ಬಿತ್ತು, ಕೈ ಬಿಟ್ಟೆ. ಮನುಷ್ಯ ತಾನೆ. ನಾನಾಗಿದ್ರೂ... ಇಲ್ಲ. ನಾನು ಬಿಡ್ತಿರಲಿಲ್ಲ. ಹೋಗ್ಲಿ. ಬಲಗಾಲು ಹೋಯ್ತು. ಅರ್ಧ ಪಾದ ಆಸ್ಪತ್ರೆಯಲ್ಲಿ, ಇನ್ನರ್ಧ ಈ ಬೂಟಿನಲ್ಲಿ.

ಆದರೆ ಆಮೇಲೆ ಯಜಮಾನರ ಮುಂದೆ ಏನು ಹೇಳಿದೆ? ನಾನು ಹಾಸಿಗೆ ಮೇಲೆ ಅರಚ್ತಾ ಇದ್ದಾಗ ನೀನು ಅಲ್ಲಿ ಕೈ ಕಟ್ಟಿ ನಿಂತು ಏನು ಹೇಳಿದೆ? 'ಅವನು ನಡೀತಾ ನಡೀತಾ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತುಬಿಟ್ಟ ಸಾರ್, ನಾನೇನು ಮಾಡ್ಲಿ?'

ಎಲ್ರೂ ನಂಬಿದ್ರು. ಯಾಕೆ ನಂಬಲ್ಲ? ಕುಲುಮೆ ಹೊತ್ತಿಸೋ ಮೊದಲು ಟೋಪಿ ತೆಗೆದು ಪ್ರಾರ್ಥನೆ ಮಾಡ್ತಿದ್ದವನು ಇಡೀ ಕಾರ್ಖಾನೇಲಿ ನಾನೊಬ್ನೇ. ಅಳತೆ ತಗೊಂಡು ಹೊಲಿದ ಹಾಗಿತ್ತು ನಿನ್ನ ಸುಳ್ಳು. ಎಲ್ಲೂ ಸಡಿಲ ಇಲ್ಲ.

ಕೆಲಸದಿಂದ ತೆಗೆದ್ರು. ಬೇರೆ ಕಾರ್ಖಾನೆ ಬಾಗಿಲಿಗೆ ಹೋದ್ರೆ 'ಓ, ಸ್ತೋತ್ರ ಬಂದ' ಅಂತ ನಕ್ಕರು. ಹೆಸರೇ ಆಯ್ತು ಅದು. ಇವತ್ತೂ ನಿಮ್ಮ ಬೀದಿ ಮಕ್ಕಳು ಕಿಟಕಿಯಿಂದ 'ಸ್ತೋತ್ರ ತಾತ, ಬಿದ್ದೀಯ, ಕಣ್ಣು ಬಿಡು' ಅಂತ ಕೂಗಿದ್ರು. ಕೇಳಿಸ್ತಾ? ಮತ್ತೆ ನಗು! ನಗು, ನಗು. ನಿನ್ನದೇ ಕೈಗುಣ.

ಅದಕ್ಕಿಂತ ಉರಿದದ್ದು ಇನ್ನೊಂದಿದೆ. ನಮ್ಮ ಸಭೆಯವರು. ಅವರೂ ನಂಬಿದ್ರು! 'ಎಂಥ ಭಕ್ತಿ, ಬೆಂಕಿ ಕೈಲಿದ್ರೂ ದೇವರನ್ನ ಮರೀಲಿಲ್ಲ' ಅಂತ ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು ಅತ್ಲು. ಹಾಗಲ್ಲ ಅಜ್ಜಿ, ನನ್ನ ಕಣ್ಣು ತೆಗೆದೇ ಇತ್ತು ಅಂದೆ. 'ನೋಡಿ ಎಷ್ಟು ವಿನಯ' ಅಂದ್ರು. ನೀನು ಹಿಂದಿನ ಬೆಂಚಲ್ಲಿ ಕೂತು ನೆಲ ನೋಡ್ತಿದ್ದೆ. ದೇವರ ಮೇಲೆ ಹಾಕಿದೆಯಲ್ಲೋ! ನನ್ನ ಮೇಲೆ ಹಾಕಿದ್ರೆ ತಡ್ಕೋತಿದ್ದೆ. ನಾನು ಕುಡಿದಿದ್ದೆ ಅನ್ನಬೇಕಿತ್ತು. ನಿದ್ದೆ ಹೋಗಿದ್ದೆ ಅನ್ನಬೇಕಿತ್ತು. ನನ್ನ ಪ್ರಾರ್ಥನೆ ತಗೊಂಡು ನಿನ್ನ ಕೈ ಒರೆಸ್ಕೊಂಡೆ.

ನಾನೇನು ಮಾಡಿದೆ? ದೇವರದ್ದು ಏನು ಅಪ್ಪಣೆಯೋ ಅದನ್ನ ಮಾಡಿದೆ. ಬೈಯಬೇಡ ಅಂದ, ಬೈಯಲಿಲ್ಲ. ಕೈ ಎತ್ತಬೇಡ ಅಂದ, ಎತ್ತಲಿಲ್ಲ. ತಂಗಿಗೂ ಹೇಳಲಿಲ್ಲ, ಅವಳ ಮನೆ ಮುರಿಯುತ್ತೆ ಅಂತ. ಅವಳು ಗಂಡ ಒಳ್ಳೆಯವನು ಅಂದ್ಕೊಂಡೇ ತೀರಿಹೋದ್ಲು. ಬೀದಿ ಬದಿ ಸ್ಟೌ ರಿಪೇರಿಗೆ ಕೂತೆ. ನನ್ನವಳು ಆಸ್ಪತ್ರೆ ಬಟ್ಟೆ ಒಗೆದು ಒಗೆದು ಬೆರಳ ಚರ್ಮ ಕಳ್ಕೊಂಡ್ಲು. ಭಾನುವಾರ ಬಂದ್ರೆ ಅದೇ ಬೆರಳಲ್ಲಿ ಹಾಡಿನ ಪುಟ ತಿರುವೋಳು. 'ಸೇಡು ದೇವರ ಕೆಲಸ, ಅವನಿಗೆ ಬಿಟ್ಬಿಡಿ' ಅನ್ನೋಳು. ಹೂಂ ಅಂತಿದ್ದೆ. 'ಏನಂದ್ರೂ ಹೂಂ ಅಂತೀರಿ, ಸರಿ ಅಂತ ಯಾಕೆ ಒಂದು ಸಲಾನೂ ಅನ್ನಲ್ಲ?' ಅಂತ ಕೇಳೋಳು.

ಆ ಮಾತು ನನ್ನ ಬಾಯಲ್ಲಿ ಬರಲ್ಲ. ಅವತ್ತು ಹೇಳೋದು ಬಾಕಿ ಇತ್ತು. ಬಾಕಿ ಇದ್ದ ಹಾಗೇ ಇದೆ.

ಕಾದೆ ಭಾವ. ನನ್ನವಳೂ ಹೋದ್ಲು, ಕಾದೆ. ಕೂದಲು ಉದುರಿತು, ಹಲ್ಲು ಉದುರಿತು, ಕಾದೆ. ದೇವರು ನಿಧಾನ. ಆದ್ರೆ ಗುರಿ ನೋಡು! ಕೈಗೋ ಕಾಲಿಗೋ ಹೊಡೀಬಹುದಿತ್ತು. ಬಾಯಿಗೇ ಹೊಡೆದ! ಯಾವ ಬಾಯಿ ಸುಳ್ಳು ಹೇಳಿತೋ ಆ ಬಾಯಿಗೇ. ನಿನಗೆ ಲಕ್ವ ಹೊಡೀತು ಅಂತ ಸುದ್ದಿ ಬಂದಾಗ ನಾನು ಮೊಣಕಾಲೂರಿದೆ. ಈ ಕಾಲು ಮಡಚಲ್ಲ, ಆದ್ರೂ ಊರಿದೆ. ಅವತ್ತು ಸ್ತೋತ್ರ ಅನ್ನೋ ಹೆಸರಿಗೆ ತಕ್ಕ ಹಾಗಿದ್ದೆ.

ಆಮೇಲೆ ಪಾದ್ರಿ ಸಭೇಲಿ ಕೇಳಿದ್ರು. ಮಗಳು ಕೆಲಸಕ್ಕೆ ಹೋಗ್ತಾಳೆ, ಹಗಲು ಯಾರಾದ್ರೂ ಹೋಗಿ ಊಟ ಮಾಡಿಸ್ತೀರಾ ಅಂತ. ಎಲ್ರಿಗೂ ಒಟ್ಟಿಗೇ ಕೆಮ್ಮು ಬಂತು. ನಾನು ಎದ್ದೆ. ಪಾದ್ರಿ ಕಣ್ಣಲ್ಲಿ ನೀರು.

ಅವರಿಗೇನು ಗೊತ್ತು. ವೈರಿ ಹಸಿದಿದ್ರೆ ಊಟ ಹಾಕು ಅಂತ ಬೈಬಲಲ್ಲಿ ಅಪ್ಪಣೆ ಇದೆ. ಹಾಕಿದ್ರೆ ಅವನ ತಲೆ ಮೇಲೆ ಕೆಂಡ ಸುರಿದ ಹಾಗೆ. ಅದೂ ಅಲ್ಲೇ ಇದೆ. ಆ ಭಾಗ ಬಂದಾಗ ಪಾದ್ರಿ ದನಿ ಇಳಿಸ್ತಾರೆ. ನಾನು ಅಲ್ಲೇ ಕಿವಿ ಚೂಪು ಮಾಡ್ತೀನಿ. ಕೆಂಡ ನನಗೆ ಗೊತ್ತಿರೋ ಸಾಮಾನು.

ಒಂದೊಂದು ಚಮಚ ಒಂದೊಂದು ಕೆಂಡ. ಅದಕ್ಕೇ ಬಂದೆ. ಈಗಾದ್ರೂ ತಿಳ್ಕೋ. ಒಂದು ದಿನ ತಪ್ಪಿಸಿದೀನಾ? ಒಂದು ಹನಿ ಚೆಲ್ಲಿದೀನಾ? ನಿನ್ನ ತುಟಿ ಅಲ್ಲಾಡೋದೇ ತಡ, ಚಮಚ ಬಾಯೊಳಗೆ. 'ಮಾವ ಎಷ್ಟು ಚುರುಕು!' ಅಂತ ನಿನ್ನ ಮಗಳು ಬೆರಗಾಗ್ತಾಳೆ.

ಬದಲಿಗೆ ನಾನು ಕೇಳಿದ್ದು ಏನು? ಒಂದು ಮಾತು. 'ಬಿಟ್ಟದ್ದು ನಾನು.' ಅಷ್ಟೆ. ಇಷ್ಟು ವರ್ಷದಲ್ಲಿ ಒಂದು ಸಲ... ಒಂದೇ ಒಂದು ಸಲ ನೀನು ಹೇಳಿದ್ರೆ...

ಏನು? ಯಾಕೆ ಹಾಸಿಗೆ ತಟ್ತೀಯ?

ತಟ್ಟಬೇಡ. ಆ ಕೈಯೊಂದು ಉಳಿದಿದೆ ಅಂತ ಜೋರು ಮಾಡಬೇಡ. ಹೇಳೋದಿದ್ರೆ ಬಾಯಿ ಇದೆ. ತೆಗಿ. ಆ... ಅನ್ನು. ಆ... ತೆಗಿಯೋ! ಹಲ್ಲು ಕಚ್ತೀಯಾ? ತೆಗೀತೀಯೋ ಇಲ್ಲವೋ... ಏಯ್! ಬಟ್ಟಲು!

ನೋಡು. ನೋಡು ಏನು ಮಾಡಿದೆ. ಅರ್ಧ ಗಂಜಿ ನನ್ನ ಕಾಲ ಮೇಲೆ.

ಅದೇ ಕಾಲು.

ಹೆದರಬೇಡ. ಅದಕ್ಕೆ ಬಿಸಿ, ತಣ್ಣಗೆ ಎರಡೂ ಒಂದೇ. ಅಳ್ತೀಯಾ? ಈಗ ಅಳು ಬಂತಾ? ಅವತ್ತು ಬರಬೇಕಿತ್ತು. ಇರು, ಒರೆಸ್ಕೋತೀನಿ. ಇನ್ನೂ ಅರ್ಧ ಇದೆ. ಚಮಚ... ಚಮಚ ಕೈಲೇ ಇದೆ.

ಏನು ನೋಡ್ತಿದೀಯ?

ನನ್ನ ಮುಖ ನೋಡು. ಕೈ ಅಲ್ಲ.

ಚಮಚ ಯಾಕೆ ನೋಡ್ತೀಯ? ಬರೀ ಚಮಚ. ಸ್ಟೀಲಿಂದು. ನಿಮ್ಮ ಮನೇದೇ.

ಅದನ್ನ ನೋಡಬೇಡ ಅಂದೆ!

...

ಮಗಳಿಗೆ ಹೇಳಿದೀಯಾ? ಪಾದ್ರಿಗೆ?

ಇಲ್ಲ. ಹೇಗೆ ಹೇಳ್ತೀಯ.

ಹೀಗೆ ಸುಮ್ನೆ ನೋಡ್ತಾ ಇರಬೇಡ ಭಾವ. ಬೈಯಿ. ಹಾಸಿಗೆ ತಟ್ಟು. ಬೇಕಾದ್ರೆ ನಗು, ಮೊದಲಿನ ಹಾಗೆ. ಏನಾದ್ರೂ ಮಾಡು.

ಆಯ್ತು. ಕೇಳಿಸಿತು.

ಮೊದಲನೇ ವಾರವೇ ಕೇಳಿಸಿತು. 'ನಾ... ನಾನು... ಬಿ...' ಅಂತ ಶುರು ಮಾಡಿದೆ. ಕುತ್ತಿಗೆ ನರ ಉಬ್ಬಿತ್ತು. ಇನ್ನೊಂದು ಉಸಿರು ಕಾದಿದ್ರೆ ಪೂರ್ತಿ ಬರ್ತಿತ್ತು. ನಾನು ಚಮಚ ಇಟ್ಟೆ. ತುಂಬಿದ ಚಮಚ. ನೀನು ಕೆಮ್ಮಿದೆ, ನುಂಗಿದೆ, ಮತ್ತೆ 'ನಾ...' ಅಂದೆ. ಮತ್ತೆ ಇಟ್ಟೆ. ಮಾರನೇ ದಿನ ಮತ್ತೆ. ಬಾಯಿ ತೆಗೆದಾಗಲೆಲ್ಲ ತುಂಬಿಸಿದೆ. ಅದಕ್ಕೇ ಈಗ ಯಾರಿಗೂ ತೆಗೀತಿಲ್ಲ ನೀನು. ಮಗಳಿಗೂ.

ಅಪ್ಪಣೆ ಮೀರಿಲ್ಲ ನಾನು! ಊಟ ಹಾಕು ಅಂದ, ಹಾಕಿದೆ. ವೈರಿ ಹೇಳೋದನ್ನ ಕೇಳಿಸ್ಕೋ ಅಂತ ಎಲ್ಲಿ... ಎಲ್ಲಿ ಅಂದಿದ್ದ...

ನೀನು ಹೇಳಿಬಿಟ್ಟಿದ್ರೆ ನಾನು ಎದ್ದು ಮನೆಗೆ ಹೋಗಬೇಕಿತ್ತು. ಆ ಮನೇಲಿ ಏನಿದೆ? ಯಾರೋ ಬಿಟ್ಟು ಹೋದ ಸ್ಟೌ.

ನೋಡು. ಚಮಚ ಕಿಟಕಿ ಆಚೆ ಹೋಯ್ತು. ಬಿದ್ದದ್ದು ಕೇಳಿಸ್ತಾ? ಬಟ್ಟಲು ನೆಲದ ಮೇಲೆ. ಕೈ ಖಾಲಿ. ಎರಡೂ ಕೈ.

ಇರು. ಕುರ್ಚಿ ತಿರುಗಿಸ್ಕೋತೀನಿ. ನಿನಗೆ ಬೆನ್ನು ಹಾಕಿ ಕೂತ್ಕೋತೀನಿ. ಹಾಂ. ಈಗ ಮುಂದೆ ನಾನು, ಹಿಂದೆ ನೀನು. ನನಗೆ ಏನೂ ಕಾಣಲ್ಲ. ನೀನು ಬಾಯಿಬಿಟ್ಟು ಹೇಳಿದ್ರೇ ಗೊತ್ತಾಗೋದು. 'ಬಿಟ್ಟದ್ದು ನಾನು' ಅನ್ನೋದೂ ಬೇಡ. ಅದು ಉದ್ದ. 'ಇಳಿಸ್ಲಾ' ಅಂತ ಕೇಳು ಸಾಕು. ಅರ್ಧ ಕೇಳು. ನಾನು ಸರಿ ಅಂತೀನಿ. ಅಂತೀನಿ ಭಾವ.

ಕೇಳು.

...

ಉಸಿರು ಕೇಳಿಸ್ತಿದೆ. ಇದೀಯ.

ತಿರುಗಲ್ಲ ನಾನು. ಸಂಜೆ ಆಗ್ಲಿ, ನಿನ್ನ ಮಗಳು ಬರ್ಲಿ, ನಾಳೆ ಅವರು ನಳಿಗೆ ಹಿಡ್ಕೊಂಡು ಬರ್ಲಿ. ಹೀಗೇ ಕೂತಿರ್ತೀನಿ.

ಬಾಯಿ ತೆಗಿ...

ಊಟಕ್ಕಲ್ಲ, ಭಾವ.