ಬಲಬೆನ್ನಿನ ಕೆಳಗೆ ಕೆಂಪು

‘ಈ ಯಂತ್ರ ತಪ್ಪು ಹೇಳಿದ್ದನ್ನು ನಾನಿನ್ನೂ ನೋಡಿಲ್ಲ’ ಎಂದೋ ಏನೋ ಅಧ್ಯಕ್ಷರು ಈಗಷ್ಟೇ ಅಂದರಲ್ಲ, ನಾನು ಆ ಮಾತಿನ ಬಳಿಯೇ ನಿಂತುಬಿಟ್ಟಿದ್ದೇನೆ. ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ವೈದ್ಯರೇ, ಸಭಿಕರೇ, ಕ್ಷಮಿಸಿ. ನಿಮ್ಮನ್ನೆಲ್ಲ ಸಂಬೋಧಿಸಿದ ಮೇಲೆ ಮಾತಿಗಿಳಿಯಬೇಕಿತ್ತು.

ನಾವು ಮಾಡಿದ್ದು ಇಷ್ಟೇ. ಸಾಲಾಗಿ ಪುಟ್ಟ ಮೈಕುಗಳಿರುವ ಪಟ್ಟಿಯನ್ನು ಬೆನ್ನಿಗೆ ಕಟ್ಟುತ್ತೇವೆ. ಉಸಿರಿನ ಸದ್ದಿನಿಂದ ಹೃದಯದ ಬಡಿತವನ್ನು, ಫ್ಯಾನಿನ ಗುಂಯ್‌ಗುಡುವಿಕೆಯನ್ನು, ಬಟ್ಟೆ ಉಜ್ಜಿದ್ದನ್ನು ಸೋಸಿ ತೆಗೆಯುತ್ತೇವೆ. ಉಳಿದದ್ದರಲ್ಲಿ ರೋಗದ ಗುರುತಾದ ಚಟಪಟ ಸಿಡಿತವಿದ್ದರೆ, ಅದು ಶ್ವಾಸಕೋಶದ ಯಾವ ಜಾಗದ್ದೆಂದು ಪರದೆಯ ನಕ್ಷೆಯಲ್ಲಿ ಕೆಂಪು ಮೂಡುತ್ತದೆ. ಆರೋಗ್ಯವಂತ ಎದೆ ಹೇಗೆ ಕೇಳಿಸಬೇಕು? ಯಂತ್ರಕ್ಕೆ ಅದನ್ನು ಕಲಿಸಲು ಒಂದು ಮಾದರಿ ಬೇಕಿತ್ತು. ಪುಕ್ಕಟೆಯಾಗಿ ಸಿಕ್ಕ ಬೆನ್ನು ನನ್ನ ಅಕ್ಕನದು.

ಅಕ್ಕ ಈಜು ಕಲಿಸುವವಳು. ಕೊಳದಿಂದ ನೇರ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದಳು. ಪಟ್ಟಿ ಕಟ್ಟುವಾಗ, ‘ಕುದುರೆಗೆ ಜೀನು ಬಿಗಿದ ಹಾಗೆ ಬಿಗೀತೀಯಲ್ಲೋ’ ಎಂದು ಬೈಯುವಳು. ಚಿಕ್ಕಂದಿನಲ್ಲಿ ನನಗೆ ಉಬ್ಬಸ ಬಂದಾಗ ಬೆನ್ನಿಗೆ ಕಿವಿಯಿಟ್ಟು, ‘ಒಳಗೆ ಬೆಕ್ಕಿದೆ ಕಣೋ, ಈಗ ಮಲಗುತ್ತೆ ನೋಡು’ ಎನ್ನುತ್ತಿದ್ದವಳೂ ಅವಳೇ. ಇದನ್ನು ಇಲ್ಲಿ ಯಾಕೆ ಹೇಳಿದೆನೋ.

ಇತ್ತೀಚೆಗೆ ಮಾದರಿಗೆ ಬೇರೆ ಅನೇಕರ ಉಸಿರನ್ನು ಸೇರಿಸಿದೆವು, ಸದ್ದು ಸೋಸುವ ಜರಡಿಯನ್ನೂ ಸೂಕ್ಷ್ಮಗೊಳಿಸಿದೆವು. ಇವತ್ತು ಬೆಳಿಗ್ಗೆ ಪೂರ್ವಾಭ್ಯಾಸಕ್ಕೆಂದು ಇದೇ ವೇದಿಕೆಯ ಮೇಲೆ ಅಕ್ಕನಿಗೆ ಪಟ್ಟಿ ಕಟ್ಟಿದೆ. ಬಲಬೆನ್ನಿನ ಕೆಳಗೆ ಕೆಂಪು. ರೋಗಿಯ ನಕ್ಷೆಯನ್ನು ಪ್ರದರ್ಶಿಸುತ್ತಿದ್ದೇವೆಂದು ತಿಳಿದು ನಿಮ್ಮ ಸಂಘದ ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು. ಫ್ಯಾನು ಆರಿಸಿದೆ, ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದೆ. ಕೆಂಪು ಕದಲಲಿಲ್ಲ. ಹಳೆಯ ಧ್ವನಿಮುದ್ರಣಗಳನ್ನು ತೆರೆದರೆ ಅಲ್ಲೂ, ಅದೇ ಜಾಗದಲ್ಲಿ, ಸಣ್ಣ ಸಿಡಿತ. ಒದ್ದೆ ಈಜುಡುಗೆಯ ಸದ್ದೆಂದು ನಾವು ಅದನ್ನು ಸೋಸಿ ಎಸೆಯುತ್ತಾ ಬಂದಿದ್ದೆವು.

ವೈರು ಸಡಿಲವಾಗಿರಬೇಕು ಎಂದೆ. ಅಕ್ಕ ಪರದೆಯನ್ನೇ ನೋಡುತ್ತಾ, ‘ನಿನ್ನ ಯಂತ್ರದ ಮೇಲೆ ನಿಂಗೇ ನಂಬಿಕೆ ಇಲ್ವೇನೋ?’ ಎಂದಳು. ಸ್ಕ್ಯಾನ್ ಮಾಡಿಸಲು ಎದುರಿನ ಆಸ್ಪತ್ರೆಗೆ ಒಬ್ಬಳೇ ಹೋದಳು, ನನ್ನನ್ನು ಬರಗೊಡಲಿಲ್ಲ. ಮೊದಲ ಸಾಲಿನ ಆ ಖಾಲಿ ಕುರ್ಚಿ ಅವಳದು. ನಾನು ಪದೇ ಪದೇ ಕೆಳಗೆ ನೋಡುತ್ತಿರುವುದು ಭಾಷಣದ ಹಾಳೆಯನ್ನಲ್ಲ, ಫೋನನ್ನು.

ಸಭಿಕರೇ, ಯಂತ್ರ ತಪ್ಪುವುದಿಲ್ಲವೆಂದು ನೀವು ನನಗೆ ಈ ಫಲಕ ಕೊಟ್ಟಿದ್ದೀರಿ. ಅದನ್ನು ಕೈಯಲ್ಲಿ ಹಿಡಿದು ನಾನು ಬಯಸುತ್ತಿರುವುದೇನು? ತಪ್ಪಿರಲಿ. ಒಂದೇ ಒಂದು ಸಲ, ಅಧ್ಯಕ್ಷರ ಕಣ್ಣೆದುರಿಗೇ, ತಪ್ಪಿರಲಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ, ನಮಸ್ಕಾರ. ಫೋನು ಇನ್ನೂ ಬೆಳಗಿಲ್ಲ.

ಅಕ್ಕಾ, ಬೆಕ್ಕು ಮಲಗುತ್ತೆ ತಾನೆ?