ಕೊನೇ ಮನೆಯ ಎರಡು ಬಡಿತ

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಬಾಯಿ ಹಾಕಬಾರದು. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು.

ಅವನ ಕೆಲಸ ನೀರು ಬಿಡೋದು. ಓಣಿಯ ತಲೆಯಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ಅದರ ಪಕ್ಕದ ಗುಂಡಿಯಲ್ಲಿ ವಾಲ್ವು. ಎದೆಯೆತ್ತರದ ಕೀಲಿ ಸಿಕ್ಕಿಸಿ ತಿರುಗಿಸಿದರೆ ಇಡೀ ಓಣಿಗೆ ನೀರು. ಹಾಗಾಗಿ ಎಲ್ಲರಿಗೂ ಅವನು ನೀರಣ್ಣ. ನೀರು ಬಂದ ದಿನ ಅಣ್ಣ, ಬಾರದ ದಿನ ಏನೇನೋ... ಅದನ್ನೆಲ್ಲ ಇಲ್ಲಿ ಹೇಳುವಂತಿಲ್ಲ.

ಓಣಿಯ ಕೊನೇ ಮನೆ ಅವನದೇ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ ನೀರು ಬಿಡುವವನ ಮನೆಗೇ ಎಲ್ಲರಿಗಿಂತ ಕಡೆಗೆ ನೀರು. ನಮ್ಮ ಅತ್ತಿಗೆ ಅದಕ್ಕೊಂದು ಉಪಾಯ ಮಾಡಿಕೊಂಡಿದ್ದರು. ನಲ್ಲಿಯ ಕೆಳಗೆ ಕೊಡ ಇಟ್ಟು, ಚಮಚದಿಂದ ನಲ್ಲಿಗೆ ಎರಡು ಸಲ ಬಡಿಯೋರು. ಟಿಣ್... ಟಿಣ್. ಹಳೇ ಕಬ್ಬಿಣದ ಪೈಪು ಆ ಸದ್ದನ್ನು ಓಣಿಯುದ್ದಕ್ಕೂ ಹೊತ್ತು ತಂದು ಕೀಲಿಗೆ ಮುಟ್ಟಿಸೋದು. ಇವನು ಕೀಲಿಗೆ ಕಿವಿ ಆನಿಸಿ ನಿಂತಿರೋನು. ಎರಡು ಬಡಿತ ಅಂದರೆ, 'ಕೊಡ ಇಟ್ಟಿದ್ದೀನಿ, ಬಿಡಿ.' ಅದು ಕೇಳಿಸಿದ ಮೇಲೆಯೇ ವಾಲ್ವು ತಿರುಗೋದು. ಮೊದಲ ಮನೆಯವರು ಎಷ್ಟು ಗೊಣಗಿದರೂ ಅಷ್ಟೇ.

ಅತ್ತಿಗೆ ಒಂದು ಜ್ವರದಲ್ಲಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಬಂದ ನೆಂಟರೆಲ್ಲ ಹೊರಟ ಮೇಲೆ ಅವನು ಕೊಡವನ್ನು ಮಗುಚಿಟ್ಟ. ಒಂಟಿ ಜೀವಕ್ಕೆ ಒಂದು ಬಕೆಟ್ ಸಾಕಿತ್ತು. ಮತ್ತೆ ಕೆಲಸಕ್ಕೆ ಹೋದ. ಅಭ್ಯಾಸ ನೋಡಿ... ಕೀಲಿಗೆ ಕಿವಿ ಇಟ್ಟ.

ಟಿಣ್... ಟಿಣ್.

ಓಡಿ ಮನೆಗೆ ಹೋದ. ಹಾಕಿದ ಬೀಗ ಹಾಕಿದಂತೆ ಇತ್ತು. ಒಳಗೆ ಕೊಡ ಮಗುಚಿದ್ದು ಮಗುಚಿದಂತೆ. ಯಾರೂ ಇಲ್ಲ.

ಅಂದಿನಿಂದ ಅದು ದಿನವೂ ಕೇಳಿಸುತ್ತಿತ್ತು. ಅವನು ಯಾರಿಗೂ ಹೇಳಲಿಲ್ಲ. ಜನ ಹುಚ್ಚ ಅಂದಾರು ಅಂತಲ್ಲ, ಹೇಳಿದರೆ ಎಲ್ಲಿ ನಿಂತುಹೋದೀತೋ ಅಂತ. ದೆವ್ವದ ಭಯ ಅವನಿಗೆ ಇರಲೇ ಇಲ್ಲ. ಆ ಸದ್ದೂ ನಿಂತರೆ ತನ್ನನ್ನು ಏನಾದರೂ ಕೇಳುವ ಜೀವ ಇನ್ನೊಂದಿಲ್ಲ, ಅದೇ ಅವನ ಭಯ.

ಅಷ್ಟರಲ್ಲಿ ಪೈಪು ಬದಲಾಯಿಸುವ ಹುಕುಂ ಬಂತು. ಹಳೇ ಪೈಪಿಗೆ ತುಕ್ಕು ಹಿಡಿದಿತ್ತು, ಸುಳ್ಳಲ್ಲ. ನೀರು ಕೆಂಪಗೆ ಬರೋದು. ಬಿಳೀ ಅಂಗಿ ಒಗೆದರೆ ಇಟ್ಟಿಗೆ ಬಣ್ಣದ ಅಂಗಿ ಒಣಹಾಕಬೇಕಾಗೋದು. ಆದರೂ ಇವನು, "ನಮ್ಮ ಓಣೀದು ಇನ್ನೂ ಗಟ್ಟಿ ಇದೆ ಸಾರ್, ಬೇರೆ ಓಣಿ ನೋಡಿ," ಅಂತ ಮುಂದೂಡುತ್ತಲೇ ಬಂದ. ಎಷ್ಟು ದಿನ ನಡೆದೀತು? ಒಂದು ಬೆಳಿಗ್ಗೆ ಅಗೆಯುವ ಯಂತ್ರ ಬಂದು ನಿಂತಿತು. ಸಂಜೆಗೆಲ್ಲ ಹಳೇ ಪೈಪು ತುಂಡು ತುಂಡಾಗಿ ಲಾರಿ ಸೇರಿತ್ತು. ಅಗೆದ ಕಾಲುವೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಹೊಸ ಪೈಪು ಮಲಗಿತ್ತು. ಮನೆಮನೆಗೆ ಜೋಡಿಸೋದು ಮಾರನೇ ದಿನ. ಆ ರಾತ್ರಿಗೆ ಉಳಿದದ್ದು ಓಣಿಯ ನಡುವಿನ ಒಂದು ಜಾಯಿಂಟು ಮಾತ್ರ.

ಪೈಪು ಜೋಡಿಸುವ ಫಿಟ್ಟರು ಆ ಜಾಯಿಂಟಿನ ಗುಂಡಿಗೆ ಇಳಿಯುವ ಮೊದಲು ಹೇಳಿದ: "ಮುಗಿದ ಮೇಲೆ ಟಾರ್ಚ್ ಮಿಂಚಿಸ್ತೀನಿ. ಅಲ್ಲೀವರೆಗೂ ವಾಲ್ವು ಮುಟ್ಟಬೇಡ."

"ಬಡಿಯಲ್ವಾ?"

"ಏನನ್ನ ಬಡೀಲಿ? ಪ್ಲಾಸ್ಟಿಕ್ಕಿಗೆ ಬಾಯಿಲ್ಲ, ನೀರಣ್ಣ."

ಬಾವಿಯ ಹತ್ತಿರ ಅವನೊಬ್ಬನೇ ನಿಂತ. ಬಾವಿಯೊಳಗೆ ತೊಟ್... ತೊಟ್... ಅಂತ ಹನಿ ಬೀಳುತ್ತಿತ್ತು. ಓಣಿಯ ಕೆಳಗೆ ದೂರದಲ್ಲಿ ಫಿಟ್ಟರನ ಸ್ಪ್ಯಾನರಿನ ಕಿರ್ರ್ ಕಿರ್ರ್. ಬೇಡ ಬೇಡ ಅಂದುಕೊಂಡೇ ಕೀಲಿಗೆ ಕಿವಿ ಇಟ್ಟ. ಕಬ್ಬಿಣ ತಣ್ಣಗಿತ್ತು. ಏನೂ ಇಲ್ಲ. ಅಲ್ಲಿಗೆ ಮುಗಿಯಿತು ಅಂದುಕೊಂಡ. ಪಿಸುದನಿಯಲ್ಲಿ ಕೇಳಿದ:

"ಇದ್ದೀಯಾ?"

ಗಾಳಿಯೂ ನಿಂತಂತಾಯಿತು...

ಟಿಣ್.

ಅವನು ಉಸಿರು ಹಿಡಿದ.

ಟಿಣ್.

ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇಷ್ಟು ವರ್ಷ ಮಾಡಿದ್ದನ್ನೇ ಮಾಡಿತು. ವಾಲ್ವು ತಿರುಗಿತು. ಕಾಲ ಕೆಳಗೆ ಗುಳು ಗುಳು... ಆಮೇಲೆ ಭರ್ರ್ ಅಂತ ನೀರು ನುಗ್ಗಿತು. ಕೆಳಗಿನಿಂದ ಫಿಟ್ಟರು ಕೂಗಿಕೊಂಡ.

ಇವನು ಗಾಬರಿಯಲ್ಲಿ ವಾಲ್ವು ಮುಚ್ಚಿ ಓಡಿದ. ಫಿಟ್ಟರು ಮೈಯೆಲ್ಲ ಕೆಸರಾಗಿ ಗುಂಡಿಯಿಂದ ಮೇಲೆ ಬರುತ್ತಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು.

"ಸಾಯಿಸೇಬಿಡ್ತಿದ್ಯಲ್ಲೋ. ಟಾರ್ಚ್ ಕಂಡ್ಯಾ ನೀನು?"

"ಬಡಿದದ್ದು ಕೇಳಿಸ್ತು."

"ಎಲ್ಲಿಂದ?"

"ಕೊನೇ ಮನೆಯಿಂದ."

ಆ ಮನೆ ಯಾರದು, ಅಲ್ಲಿ ಈಗ ಯಾರಿಲ್ಲ ಅನ್ನೋದು ಫಿಟ್ಟರಿಗೂ ಗೊತ್ತು. ಬೈಯಲು ತೆರೆದ ಬಾಯಿ ಮುಚ್ಚಿದ. ಅಂಗಿ ಹಿಂಡಿಕೊಳ್ಳುತ್ತಾ ಮೆಲ್ಲಗೆ ಅಂದ: "ಆ ಮನೆಗೆ ಈಗ ಪೈಪೇ ಇಲ್ಲವಲ್ಲೋ... ಹೋಗಿ ಮಲಕ್ಕೋ. ಉಳಿದದ್ದು ನಾನು ನೋಡ್ಕೋತೀನಿ."

ಅಗೆದ ಮಣ್ಣಿನ ಅಂಚಿನಲ್ಲೇ ನಡೆದು ಮನೆ ಸೇರಿದ. ಬಾಗಿಲ ಮುಂದೆ ಟಾರ್ಚ್ ಬಿಟ್ಟು ನೋಡಿದ. ಹೊಸ ಪೈಪಿನ ಬಾಯಿಗೆ ಮುಚ್ಚಳ ಬಿಗಿದಿತ್ತು. ಅದಕ್ಕೂ ಮನೆಗೂ ನಡುವೆ ಬರೀ ಮಣ್ಣು. ಬೀಗ ತೆಗೆದು ಅಡುಗೆಮನೆಗೆ ಹೋಗಿ ದೀಪ ಹಾಕಿದ. ನಲ್ಲಿ ತಿರುಗಿಸಿದ. ಹನಿ ಇರಲಿ, ಗಾಳಿಯೂ ಬರಲಿಲ್ಲ.

ನಲ್ಲಿಯ ಕೆಳಗೆ ಕೊಡ ಇತ್ತು. ಮಗುಚಿರಲಿಲ್ಲ. ಕಂಠದವರೆಗೆ ನೀರು. ಮೇಲೆ ತಟ್ಟೆ ಮುಚ್ಚಿತ್ತು. ತಟ್ಟೆಯ ಮೇಲೆ ಚಮಚ... ಒದ್ದೆ ಚಮಚ.

ಮೊದಲೆಲ್ಲ ಮನೆಗೆ ಬಂದ ಕೂಡಲೇ ಕೇಳುತ್ತಿದ್ದ ಮಾತನ್ನೇ ಕೇಳಿದ: "ಬಂತಾ ನೀರು?"

ಬೆಳಗಾಗುವವರೆಗೂ ಕೊಡದ ಪಕ್ಕದಲ್ಲೇ ಕೂತಿದ್ದ.

ಆಮೇಲೆ ಆ ಸದ್ದು ಬಂದಿಲ್ಲ. ಈಗಲೂ ಅವನು ವಾಲ್ವು ತಿರುಗಿಸುವ ಮುಂಚೆ ಕೀಲಿಗೆ ಕಿವಿಯಿಟ್ಟು ಕಾಯುತ್ತಾನೆ. ಮೊದಲ ಮನೆಯವರು ಈಗಲೂ ಗೊಣಗುತ್ತಾರೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ರಾತ್ರಿ ಕಳೆದ ಮಾರನೇ ದಿನ ಸಂಜೆ ನಾನು ಅವನ ಮನೆಗೆ ಹೋಗಿದ್ದೆ. ಅಷ್ಟೊತ್ತಿಗೆ ಓಣಿಯಲ್ಲೆಲ್ಲ ಹೊಸ ಪೈಪಿನ ನೀರು ಬರುತ್ತಿತ್ತು, ಕನ್ನಡಿಯಷ್ಟು ತಿಳಿ. ಅವನು ಆ ಕೊಡದಿಂದಲೇ ನನಗೊಂದು ಲೋಟ ಬಗ್ಗಿಸಿ ಕೊಟ್ಟ. ಬೆಳಕಿಗೆ ಹಿಡಿದು ನೋಡಿದೆ. ನೀರು ಕೆಂಪಗಿತ್ತು. ಕುಡಿದೆ... ಹಳೇ ಪೈಪಿನ ತುಕ್ಕಿನ ರುಚಿ.