ಗಂಗಲಕ್ಷ್ಮಮ್ಮ ನಮಗೆ ದಾರಿ ತೋರಿಸಲಿಲ್ಲ

ಸುಶ್ಮಿತಾ, ತಂದೆ ಚನ್ನವೀರಯ್ಯ, 26 ವರ್ಷ, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್ ಕೆಲಸ, ವಾಸ ಶೆಟ್ಟಿಹಳ್ಳಿ, ತುಮಕೂರು. ಈ ದಿನ ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 12.10.2025ರ ಭಾನುವಾರ ಬೆಳಿಗ್ಗೆ 6.20ಕ್ಕೆ ನಾನು ಮತ್ತು ನನಗೆ ನಿಶ್ಚಯವಾಗಿರುವ ಹುಡುಗ, ಗುಬ್ಬಿ ವಾಸಿ ಲಕ್ಷ್ಮೀಕಾಂತ್, 29 ವರ್ಷ, ಅವರ ಬೈಕಿನಲ್ಲಿ ಹೊರಟೆವು. ಗೂಳೂರಿನಲ್ಲಿ ಟೀ ಕುಡಿದು, ಕುಣಿಗಲ್ ದಾಟಿ, 8.30ಕ್ಕೆ ಕಾಡಂಚಿನ ಒಂದು ಬೆಟ್ಟದ ಬುಡ ತಲುಪಿದೆವು. ಬೆಟ್ಟದ ಹಿಂದೆ ಯಾರಿಗೂ ಗೊತ್ತಿಲ್ಲದ ಜಲಪಾತವಿದೆ ಎಂದು ಅವರು ಮೊಬೈಲ್‌ನಲ್ಲಿ ನೋಡಿದ್ದರು. ಪ್ರವೇಶ ನಿಷೇಧಿಸಿದೆ ಎಂಬ ಅರಣ್ಯ ಇಲಾಖೆಯ ಬೋರ್ಡನ್ನು ಇಬ್ಬರೂ ಓದಿದೆವು.

ಅಲ್ಲಿ ಆಡು ಮೇಯಿಸುತ್ತಿದ್ದ ಸುಮಾರು 55 ವರ್ಷದ ಹೆಂಗಸು ನಮ್ಮನ್ನು ತಡೆದರು. ಅವರ ಹೆಸರು ಗಂಗಲಕ್ಷ್ಮಮ್ಮ ಎಂದು ಆಮೇಲೆ ತಿಳಿಯಿತು. "ಬ್ಯಾಡ ಕಣವ್ವ, ರಾತ್ರಿಯೆಲ್ಲಾ ಮ್ಯಾಲೆ ಮಳೆ ಹುಯ್ದೈತೆ. ನೀರು ಹೇಳಿ ಬರಾಕಿಲ್ಲ" ಎಂದರು. ಬೇಗ ಬಂದುಬಿಡುವುದಾಗಿ ಲಕ್ಷ್ಮೀಕಾಂತ್ ತಿಳಿಸಿದರು. ಆಕೆ ಎರಡನೇ ಸಲ ಕೂಗಿದಾಗ ನಾನು ತಿರುಗಿ ನೋಡಲಿಲ್ಲ.

ಅಲ್ಲಿಂದ ಸುಮಾರು ಎರಡು ಕಿಲೋಮೀಟರ್ ದಾರಿ ಇರಲಿಲ್ಲ. ಎರಡು ಕಡೆ ಬಂಡೆಯ ಮೇಲೆ ತೆವಳಿಕೊಂಡು ಹೋದೆವು. 10.10ಕ್ಕೆ ಜಲಪಾತ ಸಿಕ್ಕಿತು. ಲಕ್ಷ್ಮೀಕಾಂತ್ ಕಲ್ಲಿಂದ ಕಲ್ಲಿಗೆ ದಾಟಿ ನಡುವಿನ ಬಂಡೆ ಹತ್ತಿದರು. ನಾನು ದಡದಿಂದ ಫೋಟೋ ತೆಗೆಯುತ್ತಿದ್ದೆ. 10.25ಕ್ಕೆ ನೀರು ಕೆಂಪಾಯಿತು. ಮೂರು ನಿಮಿಷದೊಳಗೆ ದಾಟಿದ್ದ ಕಲ್ಲುಗಳು ಕಾಣದಾದವು, ಅವರ ಸೊಂಟದವರೆಗೆ ನೀರು ಬಂತು. ನನಗೂ ಅವರಿಗೂ ಹತ್ತಡಿ ಅಂತರ. ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ನಾನು ಕಿರುಚುತ್ತಲೇ ಇದ್ದೆ.

ಆಗ, ಆಡುಗಳನ್ನು ಬಿಟ್ಟು ನಮ್ಮ ಹಿಂದೆಯೇ ಬಂದಿದ್ದ ಗಂಗಲಕ್ಷ್ಮಮ್ಮ ಬಂಡೆ ಇಳಿದು ಬಂದರು. ಉಟ್ಟ ಸೀರೆ ಬಿಚ್ಚಿ, ಒಂದು ತುದಿಯನ್ನು ಮರದ ಬೇರಿಗೆ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ಎಸೆದರು. ಮೂರನೇ ಸಲಕ್ಕೆ ಲಕ್ಷ್ಮೀಕಾಂತ್ ಹಿಡಿದರು. ನಾನೂ ಆಕೆಯೂ ಎಳೆದೆವು. ದಡಕ್ಕೆ ಬಂದ ಅವರು ಗಾಬರಿಯಲ್ಲಿ ಆಕೆಯ ತೋಳು ಹಿಡಿದಾಗ ಆಕೆ ಜಾರಿ, ದಡದ ಹಿಂಬದಿಯಲ್ಲಿ ಎಂಟು ಅಡಿ ಕೆಳಗೆ, ನೀರಿಲ್ಲದ ಎರಡು ಬಂಡೆಗಳ ಸಂದಿಗೆ ಬಿದ್ದರು. ಮೂಳೆ ಮುರಿದದ್ದು ಅಷ್ಟು ನೀರಿನ ಸದ್ದಿನಲ್ಲೂ ನನಗೆ ಕೇಳಿಸಿತು.

ಲಕ್ಷ್ಮೀಕಾಂತ್ ಫೋನ್ ಮಾಡಲು ಮೇಲೆ ಹತ್ತಿ ಹೋದರು. ನಾನು ಸಂದಿಗೆ ಇಳಿದು ಎರಡು ಗಂಟೆ ಕಾಲ ಆಕೆಯ ಬಳಿ ಇದ್ದೆ. "ಗಂಡಸ್ರು ಬರಾಕ್ ಮುಂಚೆ ಸೀರೆ ಸುತ್ತು ಮಗ" ಎಂದರು. ಒದ್ದೆ ಸೀರೆ ಸುತ್ತಲು ಪ್ರತಿ ಸಲ ಸೊಂಟ ಎತ್ತಿದಾಗ ನನ್ನ ದುಪಟ್ಟಾ ಕಚ್ಚಿಕೊಂಡರು. ಆ ಹುಡುಗನಿಗೆ ಏಟಾಗಿದೆಯೇ ಎಂದು ಕೇಳಿದರು.

12.40ಕ್ಕೆ ಊರಿನವರು, ಅಗ್ನಿಶಾಮಕ ಸಿಬ್ಬಂದಿ ಬಂದರು. ಆಕೆಯನ್ನು ರಸ್ತೆಗೆ ತರುವಾಗ 3.15. ತೊಡೆಯ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿದೆ.

ಆಕೆಯೇ ಕರೆದುಕೊಂಡು ಹೋಗಿ ದಾರಿ ತೋರಿಸಿದರೆಂದು ಲಕ್ಷ್ಮೀಕಾಂತ್ ನಿನ್ನೆ ಹೇಳಿಕೆ ಕೊಟ್ಟಿರುತ್ತಾರೆ. ಅದು ಸುಳ್ಳು. ಅವರು ಪ್ರೊಬೇಷನ್‌ನಲ್ಲಿರುವ ಸರ್ಕಾರಿ ನೌಕರರು. "ಕೇಸಾದ್ರೆ ನನ್ ಕೆಲ್ಸ ಹೋಗುತ್ತೆ ಕಣೇ, ನೀನೂ ಹಂಗೇ ಹೇಳು" ಎಂದು ನನಗೆ ಫೋನಿನಲ್ಲಿ ಹೇಳಿದರು. ಆಗುವುದಿಲ್ಲ ಎಂದು ತಿಳಿಸಿ ಇಲ್ಲಿಗೆ ಬಂದಿದ್ದೇನೆ. ನಮ್ಮ ಮದುವೆ ದಿನಾಂಕ 23.11.2025ಕ್ಕೆ ಗೊತ್ತಾಗಿತ್ತು.

ಕಾಡಿನೊಳಗೆ ನಾವಾಗಿಯೇ ಹೋದೆವು. ಕೇಸು ದಾಖಲಿಸುವುದಾದರೆ ನನ್ನ ಹೆಸರನ್ನೂ ಬರೆದುಕೊಳ್ಳಲು ಕೋರುತ್ತೇನೆ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಮಾಡಿದ್ದು ಇಷ್ಟೇ, ಇದು ನಿಜ.

ಸ್ಥಳ: ಕುಣಿಗಲ್
ದಿನಾಂಕ: 14.10.2025
ಸಹಿ: ಸುಶ್ಮಿತಾ ಸಿ.